ಮೊಬೈಲ್ ಆಟಗಳ ಗುಣ ಮತ್ತು ಹಿಡಿತ: ಒಂದು ವಿವೇಚನೆ

"ಕುಣಿಯಲಾರದವಳು ಅಂಗಳ ಡೊಂಕು ಎಂದಳಂತೆ" ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ತಮ್ಮ ತಪ್ಪನ್ನು ಸಲಕರಣೆಯ ಮೇಲೆ ಹೊರಿಸುವವರನ್ನು ಕಂಡು ನಮ್ಮ ಹಿರಿಯರು ಆಡಿದ ಮಾತು ಇದು. ಆದರೆ ಅಂಗಳವು ನಿಜವಾಗಿಯೂ ಡೊಂಕಾಗಿದ್ದರೆ ಏನು ಮಾಡಬೇಕು? ಈ ಪ್ರಶ್ನೆ ನಮ್ಮೆದುರು ಬಂದುದು ಈ ವರ್ಷ ನಮ್ಮ ಶಾಲೆಯ ವಿಜ್ಞಾನ ಸಂಘದ ಆಶ್ರಯದಲ್ಲಿ ನಡೆದ ಒಂದು ಚರ್ಚಾಕೂಟದಲ್ಲಿ. "ಮೊಬೈಲ್ ಫೋನಿನ ಆಟಗಳು ಉತ್ತಮ ಆಟಗಳೆನಿಸಬಲ್ಲವೇ?" ಎಂಬುದು ಅಂದಿನ ವಿಷಯ.

ಹೊರಗೆ ಮಳೆ ಹೊಯ್ಯುತ್ತಿದ್ದ ಆ ಶುಕ್ರವಾರ ಅಪರಾಹ್ನ ಎರಡು ಪಕ್ಷದವರೂ ಹುರುಪಿನಿಂದ ವಾದಿಸಿದರು. ಗಾಜಿನ ಮೇಲೆ ಬೆರಳು ಜಾರಿಸುವುದರಲ್ಲಿ ಹಿಡಿತವೇ ಇಲ್ಲ, ಆದುದರಿಂದ ಮೊಬೈಲ್ ಆಟಗಳು ಕೀಳುಮಟ್ಟದವು ಎಂಬುದು ಒಂದು ಪಕ್ಷದ ವಾದ. ಅಭ್ಯಾಸವಿದ್ದವನಿಗೆ ಗಾಜೂ ಒಂದೇ, ಗುಂಡಿಯೂ ಒಂದೇ, ಸೋತವನು ಮಾತ್ರ ಗಾಜನ್ನು ದೂರುತ್ತಾನೆ ಎಂಬುದು ಇನ್ನೊಂದು ಪಕ್ಷದ ವಾದ. ಪ್ರಪಂಚದಲ್ಲೆಲ್ಲ ಆಟಗಾರರ ನಡುವೆ ನಡೆಯುತ್ತಿರುವ ವಾದವೂ ಬಹುಮಟ್ಟಿಗೆ ಇದುವೇ ಆಗಿದೆ.

ಕೂಟ ಮುಗಿಯುವ ಹೊತ್ತಿಗೆ ಒಂಬತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. "ಆಟ ಒಳ್ಳೆಯದೋ ಕೆಟ್ಟದೋ ನನಗೆ ಗೊತ್ತಿಲ್ಲ ಸರ್. ನಮ್ಮ ಮನೆಯಲ್ಲಿರುವುದು ಒಂದೇ ಫೋನು. ತಮ್ಮ ಆಡುತ್ತಿರುವಾಗ ಗಲ್ಫಿನಿಂದ ಅಪ್ಪನ ಫೋನು ಬಂದರೆ ಅವನು ಕಟ್ ಮಾಡುತ್ತಾನೆ. ಬೈದರೆ, ಈಗ ನಿಲ್ಲಿಸಲಿಕ್ಕೆ ಆಗುವುದಿಲ್ಲ ಎನ್ನುತ್ತಾನೆ. ಅದು ಯಾಕೆ ನಿಲ್ಲಿಸಲಿಕ್ಕೆ ಆಗುವುದಿಲ್ಲ?" ಎಂದು ಕೇಳಿದಳು. ಎರಡು ಪಕ್ಷದವರೂ ಸುಮ್ಮನಾದರು. ಉತ್ತರ ನಮಗೂ ಆಗ ಹೊಳೆಯಲಿಲ್ಲ. ಅಂದಿನಿಂದ ಸಂಘದ ಸದಸ್ಯರೊಡನೆ ಕುಳಿತು ನಾವು ಓದಿ, ಆಡಿ, ಯೋಚಿಸಿ ತಿಳಿದುಕೊಂಡ ವಿಚಾರಗಳನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇವೆ.

ಗುಂಡಿಗಳ ಕಾಲ

ಕೈಯಲ್ಲಿ ಹಿಡಿದು ಆಡುವ ವಿದ್ಯುನ್ಮಾನ ಆಟಗಳು ಮೊಬೈಲ್ ಫೋನಿಗಿಂತ ಹಳೆಯವು. ಜಪಾನಿನ ನಿಂಟೆಂಡೊ ಸಂಸ್ಥೆಯ ಗುನ್‌ಪೇ ಯೊಕೊಯಿ ಎಂಬವರು 1982ರಲ್ಲಿ ಒಂದು ಕೈಯಾಟಕ್ಕಾಗಿ ಅಧಿಕ ಚಿಹ್ನೆಯ ಆಕಾರದ ಒಂದು ಗುಂಡಿಯನ್ನು ರೂಪಿಸಿದರು. ಹೆಬ್ಬೆರಳನ್ನು ಅದರ ಮೇಲಿಟ್ಟು ಸ್ವಲ್ಪ ಓರೆ ಮಾಡಿದರೆ ಸಾಕು, ಆಟದೊಳಗಿನ ಗೊಂಬೆ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಚಲಿಸುತ್ತಿತ್ತು. 1989ರಲ್ಲಿ ಅದೇ ಸಂಸ್ಥೆ ಹೊರತಂದ ಗೇಮ್ ಬಾಯ್ ಎಂಬ ಯಂತ್ರದಲ್ಲಿಯೂ ಇದೇ ಗುಂಡಿ ಇತ್ತು. ಅದರ ಪರದೆಯಲ್ಲಿ ಬಣ್ಣಗಳಿರಲಿಲ್ಲ. ಆದರೂ ಜನ ಅದನ್ನು ಮೆಚ್ಚಿಕೊಂಡರು.

ಈ ಗುಂಡಿಯ ಹಿರಿಮೆ ಏನು? ನಮ್ಮ ಊರಿನ ಯಕ್ಷಗಾನದ ಚೆಂಡೆವಾದಕರನ್ನು ನೋಡಿರಿ. ಅವರ ಕಣ್ಣು ವೇಷಧಾರಿಯ ಹೆಜ್ಜೆಯ ಮೇಲಿರುತ್ತದೆ, ಕೋಲು ಮಾತ್ರ ತಪ್ಪದೆ ಚೆಂಡೆಯ ಮೇಲೆ ಬೀಳುತ್ತದೆ. ಕೈಗೆ ತನ್ನ ಸ್ಥಾನ ತಾನೇ ತಿಳಿದಿರುತ್ತದೆ. ಹಾಗೆಯೇ ಗುಂಡಿಯ ಅಂಚು ಬೆರಳಿಗೆ ತಾಗುತ್ತದೆ. ಒತ್ತಿದಾಗ ಅದು ಕೆಳಗಿಳಿದುದು ಚರ್ಮಕ್ಕೆ ತಿಳಿಯುತ್ತದೆ. ಕಣ್ಣು ಆಟವನ್ನು ನೋಡಿದರೆ ಸಾಕು, ಬೆರಳನ್ನು ನೋಡಬೇಕಾಗಿಲ್ಲ.

1997ರಲ್ಲಿ ನೋಕಿಯಾ ಸಂಸ್ಥೆಯು ತನ್ನ 6110 ಎಂಬ ಫೋನಿನಲ್ಲಿ ಹಾವಿನ ಆಟವನ್ನು ಸೇರಿಸಿತು. ಅದನ್ನು ಬರೆದವರು ಫಿನ್ಲೆಂಡಿನ ತಾನೇಲಿ ಅರ್ಮಾಂಟೊ. ಸಂಖ್ಯೆಗಳ ಗುಂಡಿಗಳೇ ಹಾವಿನ ದಿಕ್ಕನ್ನು ಬದಲಿಸುತ್ತಿದ್ದುವು. ಪರದೆಯ ಮೇಲೆ ಕೆಲವು ಕಪ್ಪು ಚುಕ್ಕೆಗಳಲ್ಲದೆ ಬೇರೇನೂ ಇರಲಿಲ್ಲ. ನಮ್ಮ ಹೆತ್ತವರಲ್ಲಿ ಅನೇಕರು ಇಂದಿಗೂ ಆ ಹಾವನ್ನು ನೆನಪಿಸಿಕೊಳ್ಳುತ್ತಾರೆ.

ಹಾಗಾದರೆ ಗುಂಡಿಗಳು ಹೆಚ್ಚಿದಂತೆ ಆಟವೂ ಉತ್ತಮವಾಗುವುದೇ? ಇಲ್ಲ. 2003ರಲ್ಲಿ ಅದೇ ನೋಕಿಯಾ ಆಟಗಳಿಗಾಗಿಯೇ ಎನ್-ಗೇಜ್ ಎಂಬ ಫೋನನ್ನು ಹೊರತಂದಿತು. ಗುಂಡಿಗಳೇನೋ ಧಾರಾಳವಾಗಿದ್ದುವು. ಆದರೆ ಒಂದು ಆಟವನ್ನು ತೆಗೆದು ಇನ್ನೊಂದನ್ನು ಹಾಕಬೇಕಾದರೆ ಬ್ಯಾಟರಿಯನ್ನೇ ಕಳಚಬೇಕಾಗಿತ್ತು. ಮಾತನಾಡುವಾಗ ಫೋನಿನ ಅಂಚನ್ನು ಕಿವಿಗೆ ಹಿಡಿಯಬೇಕಾಗಿತ್ತು. ಜನ ಅದನ್ನು ನೋಡಿ ನಕ್ಕರು. ಸಲಕರಣೆಯು ಕೈಗೆ ಒಗ್ಗದಿದ್ದರೆ ಗುಂಡಿಗಳ ಲೆಕ್ಕದಿಂದ ಪ್ರಯೋಜನವಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಗಾಜಿನ ಮೇಲಿನ ಬೆರಳು

2007ರಲ್ಲಿ ಆಪಲ್ ಸಂಸ್ಥೆಯ ಐಫೋನ್ ಬಂದಮೇಲೆ ಗುಂಡಿಗಳು ಮಾಯವಾಗತೊಡಗಿದುವು. ಇಡೀ ಮುಖವೇ ಗಾಜಿನ ಪರದೆಯಾಯಿತು. 2008ರ ಜುಲೈಯಲ್ಲಿ ಆ ಸಂಸ್ಥೆ ಸುಮಾರು 500 ತಂತ್ರಾಂಶಗಳೊಡನೆ ತನ್ನ ಆ್ಯಪ್ ಅಂಗಡಿಯನ್ನು ತೆರೆಯಿತು. ಅಲ್ಲಿಂದ ಆಟಗಳ ಮಹಾಪೂರವೇ ಹರಿಯಿತು.

ಗಾಜಿಗೆ ಬೆರಳು ತಾಗಿದುದು ಹೇಗೆ ತಿಳಿಯುತ್ತದೆ? ವಿಜ್ಞಾನ ತರಗತಿಯಲ್ಲಿ ನಾವು ಕಲಿತ ವಿದ್ಯುದಾವೇಶದ ಪಾಠವೇ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗಾಜಿನ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ, ಪಾರದರ್ಶಕವಾದ ವಾಹಕದ ಗೆರೆಗಳು ಉದ್ದಕ್ಕೂ ಅಡ್ಡಕ್ಕೂ ಹಾಸಿಕೊಂಡಿರುತ್ತವೆ. ಇದಕ್ಕೆ ಸಾಮಾನ್ಯವಾಗಿ ಇಂಡಿಯಮ್ ಮತ್ತು ತವರದ ಆಕ್ಸೈಡನ್ನು ಬಳಸುತ್ತಾರೆ. ಗೆರೆಗಳ ನಡುವೆ ಅಲ್ಪ ಪ್ರಮಾಣದ ವಿದ್ಯುದಾವೇಶ ನಿಂತಿರುತ್ತದೆ. ನಮ್ಮ ದೇಹವೂ ಒಂದು ವಾಹಕ. ಬೆರಳು ಹತ್ತಿರ ಬಂದೊಡನೆ ಆ ಜಾಗದ ಆವೇಶ ಸ್ವಲ್ಪ ಬದಲಾಗುತ್ತದೆ. ಯಾವ ಉದ್ದಗೆರೆ, ಯಾವ ಅಡ್ಡಗೆರೆ ಎಂಬುದನ್ನು ಒಳಗಿನ ಚಿಪ್ಪು ಲೆಕ್ಕ ಹಾಕಿ ಬೆರಳಿನ ಸ್ಥಾನವನ್ನು ತಿಳಿಸುತ್ತದೆ. ಒಣಗಿದ ಕಡ್ಡಿಯಿಂದ ಮುಟ್ಟಿದರೆ ಪರದೆ ಕದಲದಿರುವುದಕ್ಕೂ, ಮಳೆಹನಿ ಬಿದ್ದಾಗ ಅದು ತಬ್ಬಿಬ್ಬಾಗುವುದಕ್ಕೂ ಇದೇ ಕಾರಣ.

ಈ ಏರ್ಪಾಡು ಸೊಗಸಾದುದು. ಆದರೂ ಆಟಕ್ಕೆ ಇದರಿಂದ ಮೂರು ತೊಡಕುಗಳುಂಟು. ಮೊದಲನೆಯದಾಗಿ, ಗಾಜು ಎಲ್ಲ ಕಡೆಯೂ ಒಂದೇ ಸಮನೆ ನುಣುಪು. ಬೆರಳು ಎಲ್ಲಿದೆ ಎಂಬುದು ಚರ್ಮಕ್ಕೆ ತಿಳಿಯದು. ಎರಡನೆಯದಾಗಿ, ಮುಟ್ಟುವ ಬೆರಳೇ ನೋಡಬೇಕಾದ ಚಿತ್ರವನ್ನು ಮರೆಮಾಡುತ್ತದೆ. ಮೂರನೆಯದಾಗಿ, ಬೆರಳು ಮುಟ್ಟಿದ ಕ್ಷಣಕ್ಕೂ ಚಿತ್ರ ಬದಲಾಗುವ ಕ್ಷಣಕ್ಕೂ ನಡುವೆ ಒಂದಿಷ್ಟು ವಿಳಂಬವಿರುತ್ತದೆ. ಸೆಕೆಂಡಿಗೆ 60 ಚಿತ್ರಗಳನ್ನು ತೋರಿಸುವ ಪರದೆಯಲ್ಲಿ ಒಂದು ಚಿತ್ರದ ಆಯುಷ್ಯ ಸೆಕೆಂಡಿನ ಸಾವಿರದಲ್ಲಿ ಸುಮಾರು 17 ಭಾಗ. ಅಗ್ಗದ ಅಥವಾ ಹಳೆಯ ಫೋನಿನಲ್ಲಿ ಹಲವು ಚಿತ್ರಗಳಷ್ಟು ಕಾಲ ತಡವಾದರೆ ಬೆರಳಿನ ಚುರುಕುತನವೆಲ್ಲ ವ್ಯರ್ಥ. ಆದುದರಿಂದ ಅಂಗಳ ಡೊಂಕು ಎಂಬ ಮೊದಲ ಪಕ್ಷದವರ ದೂರಿನಲ್ಲಿ ಹುರುಳಿಲ್ಲದಿಲ್ಲ.

ಅಂಗಳಕ್ಕೆ ತಕ್ಕ ಕುಣಿತ

ಆದರೆ ಜಾಣರಾದವರು ಡೊಂಕು ಅಂಗಳಕ್ಕೆ ತಕ್ಕ ಕುಣಿತವನ್ನೇ ಕಟ್ಟಿದರು. 2009ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ರೋವಿಯೊ ಸಂಸ್ಥೆ ಆ್ಯಂಗ್ರಿ ಬರ್ಡ್ಸ್ ಎಂಬ ಆಟವನ್ನು ತಂದಿತು. ಕವಣೆಯನ್ನು ಬೆರಳಿನಿಂದ ಹಿಂದಕ್ಕೆಳೆದು ಬಿಟ್ಟರಾಯಿತು, ಹಕ್ಕಿ ಹಾರುತ್ತದೆ. ಅಲ್ಲಿ ಅವಸರವಿಲ್ಲ, ವಿಳಂಬದಿಂದ ನಷ್ಟವೂ ಇಲ್ಲ. 2010ರ ಫ್ರೂಟ್ ನಿಂಜಾದಲ್ಲಿ ಗಾಜಿನ ಮೇಲೆ ಬೆರಳು ಬೀಸುವುದೇ ಹಣ್ಣನ್ನು ಕತ್ತರಿಸುವ ಕತ್ತಿ. ಗಾಜಿನ ನುಣುಪು ಅಲ್ಲಿ ದೋಷವಲ್ಲ, ಅನುಕೂಲ. 2011ರ ಟೆಂಪಲ್ ರನ್ ಆಟದಲ್ಲಿ ಫೋನನ್ನು ಓರೆ ಮಾಡಿದರೆ ಓಟಗಾರ ಪಕ್ಕಕ್ಕೆ ಸರಿಯುತ್ತಾನೆ. ಫೋನಿನ ಚಿಪ್ಪಿನೊಳಗೆ ಸೂಕ್ಷ್ಮವಾದ ಸ್ಪ್ರಿಂಗುಗಳ ಮೇಲೆ ನಿಂತಿರುವ ಒಂದು ತುಣುಕು ಓರೆಯಾದ ಕಡೆಗೆ ಸರಿಯುವುದರಿಂದ ಈ ಬಾಗುವಿಕೆ ತಿಳಿಯುತ್ತದೆ.

ಗುಂಡಿಗಳಿಗೆ ಹೆಸರಾದ ನಿಂಟೆಂಡೊ ಕೂಡ 2016ರ ಡಿಸೆಂಬರಿನಲ್ಲಿ ಸೂಪರ್ ಮಾರಿಯೊ ರನ್ ಎಂಬ ಆಟವನ್ನು ಫೋನಿಗಾಗಿ ತಂದಿತು. ಅದು ತನ್ನ ಹಳೆಯ ಗುಂಡಿಗಳ ಚಿತ್ರವನ್ನು ಗಾಜಿನ ಮೇಲೆ ಬಿಡಿಸಲಿಲ್ಲ. ಮಾರಿಯೊ ತಾನಾಗಿಯೇ ಓಡುತ್ತಾನೆ. ಆಡುವವರು ಮುಟ್ಟಿದಾಗ ಜಿಗಿಯುತ್ತಾನೆ. ಬೆರಳನ್ನು ಹೆಚ್ಚು ಹೊತ್ತು ಇಟ್ಟರೆ ಹೆಚ್ಚು ಎತ್ತರ ಜಿಗಿಯುತ್ತಾನೆ. ಒಂದು ಕೈಯಲ್ಲಿ ಆಡಲು ಅಷ್ಟು ಸಾಕಾಯಿತು.

ಇದಕ್ಕೆ ವಿರುದ್ಧವಾದ ದಾರಿಯೂ ಇದೆ. ಗಣಕಯಂತ್ರಕ್ಕಾಗಿ ಮಾಡಿದ ಆಟವನ್ನು ಫೋನಿಗಿಳಿಸಿ, ಗಾಜಿನ ಎಡಮೂಲೆಯಲ್ಲಿ ಒಂದು ವೃತ್ತವನ್ನೂ ಬಲಮೂಲೆಯಲ್ಲಿ ಹತ್ತಾರು ಗುಂಡಿಗಳ ಚಿತ್ರವನ್ನೂ ಬಿಡಿಸುವುದು. ಚಿತ್ರದ ಗುಂಡಿ ನಿಜವಾದ ಗುಂಡಿಯಲ್ಲ. 2018ರಲ್ಲಿ ಬಂದ ಪಬ್‌ಜಿ ಮೊಬೈಲ್ ಈ ಜಾತಿಯದು. ಅದನ್ನು ಮಾಡಿದವರೂ ಈ ಕೊರತೆಯನ್ನು ಅರಿತಿದ್ದರು. ಆದುದರಿಂದಲೇ ಗುಂಡಿಚಿತ್ರಗಳನ್ನು ತಮಗೆ ಬೇಕಾದಲ್ಲಿಗೆ ಸರಿಸಿಕೊಳ್ಳಲು, ಫೋನನ್ನು ತಿರುಗಿಸಿಯೇ ಗುರಿ ಹಿಡಿಯಲು ಅನುಕೂಲ ಮಾಡಿಕೊಟ್ಟರು. ಪಳಗಿದ ಆಟಗಾರರು ನಾಲ್ಕು ಬೆರಳುಗಳಿಂದ ಆಡುತ್ತಾರೆ. ಇನ್ನು ಕೆಲವರು ಫೋನಿಗೆ ಬೇರೆಯೇ ಗುಂಡಿಪೆಟ್ಟಿಗೆಯನ್ನು ಜೋಡಿಸುತ್ತಾರೆ. ಅಭ್ಯಾಸದಿಂದ ಬಹಳಷ್ಟು ಸಾಧ್ಯ ಎಂಬ ಎರಡನೆಯ ಪಕ್ಷದವರ ಮಾತೂ ಹೀಗೆ ಸುಳ್ಳಲ್ಲ.

ನಮ್ಮ ಅಜ್ಜಿಯಂದಿರು ಆಟಿ ತಿಂಗಳಲ್ಲಿ ಅಟ್ಟದಿಂದ ಇಳಿಸುತ್ತಿದ್ದ ಚೆನ್ನೆಮಣೆಯನ್ನು ಇಲ್ಲಿ ನೆನೆಯಬಹುದು. ಅದರ 14 ಕುಳಿಗಳೂ ಬೆರಳುಗಳು ಇಳಿದು ಬೀಜಗಳನ್ನು ಬಾಚಿಕೊಳ್ಳುವಷ್ಟೇ ಆಳ. ಮಣೆ ಕೆತ್ತಿದ ಆಚಾರಿಯು ಕೈಯ ಅಳತೆಯನ್ನು ಅರಿತವನು. ಮರವಾಗಲಿ ಗಾಜಾಗಲಿ, ಆಡುವ ಕೈಯನ್ನು ಕಂಡು ಮಾಡಿದ ಆಟಕ್ಕೆ ಹಿಡಿತ ತಾನಾಗಿ ಬರುತ್ತದೆ.

ಆಟದ ಗುಣ ಎಂದರೇನು?

ಚಿತ್ರ ಸುಂದರವಾಗಿದ್ದರೆ ಆಟ ಉತ್ತಮ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ನೋಕಿಯಾದ ಹಾವು ಈ ತಿಳಿವಳಿಕೆಯನ್ನು ಸುಳ್ಳಾಗಿಸುತ್ತದೆ. ನಮ್ಮ ವಿಚಾರದಲ್ಲಿ ಗುಣಕ್ಕೆ ಬೇರೆ ಲಕ್ಷಣಗಳಿವೆ. ಉತ್ತಮ ಆಟವು ಓದದೆಯೇ ಕಲಿಯುವಂತಿರುತ್ತದೆ. ಸೂಚನೆಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ ಇರುವ ಈ ಕಾಲದಲ್ಲಿ ಕನ್ನಡ ಮಾಧ್ಯಮದ ನಮ್ಮ ಮಕ್ಕಳಿಗೆ ಇದು ದೊಡ್ಡ ಉಪಕಾರ. ಉತ್ತಮ ಆಟದಲ್ಲಿ ಸೋತವನಿಗೆ ತಾನೆಲ್ಲಿ ತಪ್ಪಿದೆ ಎಂಬುದು ತಿಳಿಯುತ್ತದೆ; ಮುಂದಿನ ಸಲ ತಿದ್ದಿಕೊಳ್ಳಲು ದಾರಿ ಕಾಣುತ್ತದೆ. ಮೂರನೆಯ ಲಕ್ಷಣ ಹಣಕ್ಕೆ ಸಂಬಂಧಿಸಿದುದು.

2014ರಲ್ಲಿ ಲಂಡನ್ನಿನ ಸಂಸ್ಥೆಯೊಂದು ಮಾನ್ಯುಮೆಂಟ್ ವ್ಯಾಲಿ ಎಂಬ ಆಟವನ್ನು ಬೆಲೆ ಕಟ್ಟಿ ಮಾರಿತು. ಕೊಂಡವನು ಕೆಲವು ಗಂಟೆಗಳಲ್ಲಿ ಅದನ್ನು ಪೂರ್ತಿಗೊಳಿಸಬಹುದಾಗಿತ್ತು. 2012ರ ಕ್ಯಾಂಡಿ ಕ್ರಶ್ ಸಾಗಾ ಬೇರೆ ದಾರಿ ಹಿಡಿಯಿತು. ಅದು ಬಿಟ್ಟಿ. ಆದರೆ ಆಡುವವನಿಗೆ ಐದೇ ಜೀವಗಳು. ಅವು ಮುಗಿದರೆ ಒಂದೊಂದು ಜೀವ ತುಂಬಲು ಅರ್ಧ ಗಂಟೆ ಕಾಯಬೇಕು, ಇಲ್ಲವೇ ಹಣ ತೆರಬೇಕು. ಇನ್ನು ಕೆಲವು ಆಟಗಳಲ್ಲಿ ಒಳಗೇನಿದೆ ಎಂದು ತಿಳಿಸದ ಪೆಟ್ಟಿಗೆಗಳನ್ನು ಹಣಕ್ಕೆ ಮಾರುತ್ತಾರೆ. ತೆರೆದರೆ ಒಮ್ಮೆ ಅಪೂರ್ವ ವಸ್ತು, ಹತ್ತು ಬಾರಿ ಕಸ. 2018ರಲ್ಲಿ ಬೆಲ್ಜಿಯಮ್ ದೇಶದ ಜೂಜು ನಿಯಂತ್ರಣ ಮಂಡಳಿ ಇಂತಹ ಪೆಟ್ಟಿಗೆಗಳನ್ನು ಜೂಜೆಂದೇ ತೀರ್ಮಾನಿಸಿತು. ಬೆರಳಿನ ಚಾತುರ್ಯವನ್ನು ಬಿಟ್ಟು ಜೇಬನ್ನು ಪರೀಕ್ಷಿಸುವ ಆಟವನ್ನು ಉತ್ತಮ ಎನ್ನಲು ನಮಗೆ ಮನಸ್ಸಾಗುವುದಿಲ್ಲ.

ನಿಲ್ಲಿಸುವ ಹಿಡಿತ

ಈಗ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಅವಳ ತಮ್ಮ ಆಡುವುದು ಇತರರೊಡನೆ ಕೂಡಿ ಆಡುವ ಯುದ್ಧದ ಆಟ. ಇಂತಹ ಆಟವು ಅವನ ಫೋನಿನಲ್ಲಿ ಮಾತ್ರ ನಡೆಯುವುದಲ್ಲ. ದೂರದ ಒಂದು ಗಣಕಯಂತ್ರದಲ್ಲಿ ನೂರು ಮಂದಿಯ ಆಟ ಒಂದೇ ಕಾಲಕ್ಕೆ ನಡೆಯುತ್ತಿರುತ್ತದೆ. ಒಬ್ಬನಿಗಾಗಿ ಅದು ನಿಲ್ಲಲಾರದು. ಅವನು ಎದ್ದು ಹೋದರೆ ಅವನ ಗೊಂಬೆ ಸಾಯುತ್ತದೆ, ಜೊತೆಗಾರರು ಸೋಲುತ್ತಾರೆ, ಅವನನ್ನು ಬೈಯುತ್ತಾರೆ. ಆದುದರಿಂದ "ನಿಲ್ಲಿಸಲಿಕ್ಕೆ ಆಗುವುದಿಲ್ಲ" ಎಂದು ಆ ಹುಡುಗ ಹೇಳಿದುದು ಸುಳ್ಳಲ್ಲ. ಆದರೆ ಒಂದು ಪಂದ್ಯಕ್ಕೆ ಸುಮಾರು ಅರ್ಧ ಗಂಟೆ ಬೇಕೆಂಬುದು ಅವನಿಗೆ ಮೊದಲೇ ಗೊತ್ತು. ನಿಲ್ಲಿಸುವ ಅಧಿಕಾರ ಅವನ ಕೈಯಲ್ಲಿದ್ದುದು ಆರಂಭಕ್ಕೆ ಮುಂಚೆ ಮಾತ್ರ. ಅದನ್ನು ಅಲ್ಲಿಯೇ ಬಳಸಬೇಕಾಗಿತ್ತು.

ಇನ್ನೊಂದು ಜಾತಿಯ ಆಟಗಳಿಗೆ ಕೊನೆಯೇ ಇಲ್ಲ. ಓಡುತ್ತಲೇ ಇರುವುದು, ಬೀಳುವುದು, ಮತ್ತೆ ಓಡುವುದು. ಚೆನ್ನೆಮಣೆಯಲ್ಲಿ ಬೀಜ ಮುಗಿದರೆ ಆಟ ಮುಗಿಯಿತು. ಲಗೋರಿಯಲ್ಲಿ ಕತ್ತಲಾದರೆ ಚೆಂಡು ಕಾಣದು, ಮನೆಗೆ ಹೋಗಲೇಬೇಕು. ಕೊನೆಯಿಲ್ಲದ ಆಟದಲ್ಲಿ ಕೊನೆಯನ್ನು ಆಡುವವನೇ ತರಬೇಕು.

ವಿಯೆಟ್ನಾಮಿನ ಡಾಂಗ್ ನ್ಯೂಯೆನ್ ಎಂಬವರ ಕಥೆ ಇಲ್ಲಿ ಉಲ್ಲೇಖನೀಯ. ಅವರು 2013ರಲ್ಲಿ ಫ್ಲಾಪಿ ಬರ್ಡ್ ಎಂಬ ಪುಟ್ಟ ಆಟವನ್ನು ಹೊರತಂದರು. ಮುಟ್ಟಿದರೆ ಹಕ್ಕಿ ಮೇಲಕ್ಕೆ, ಬಿಟ್ಟರೆ ಕೆಳಕ್ಕೆ. ಗಾಜಿಗೆ ಇದಕ್ಕಿಂತ ತಕ್ಕ ಹಿಡಿತ ಬೇರೆ ಇಲ್ಲ. ಪ್ರಪಂಚವೆಲ್ಲ ಅದನ್ನು ಆಡಿತು. 2014ರ ಫೆಬ್ರವರಿಯಲ್ಲಿ ಅವರೇ ಅದನ್ನು ಅಂಗಡಿಯಿಂದ ಹಿಂದಕ್ಕೆ ತೆಗೆದರು. ಜನ ಬಿಡಲಾರದಂತೆ ಅದಕ್ಕೆ ಅಂಟಿಕೊಂಡುದು ಅದಕ್ಕೆ ಕಾರಣವೆಂದು ಆಮೇಲೆ ತಿಳಿಸಿದರು. ಬೆರಳಿನ ಹಿಡಿತ ಪೂರ್ಣವಾಗಿದ್ದ ಆಟದಲ್ಲಿಯೇ ಮನಸ್ಸಿನ ಹಿಡಿತ ತಪ್ಪಿತ್ತು!

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ಪಟ್ಟಿಯಲ್ಲಿ ಆಟದ ಗೀಳನ್ನೂ ಸೇರಿಸಿದೆ. ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಅದು ಹೇಳುವ ಲಕ್ಷಣಗಳು ಮೂರು: ಆಟದ ಮೇಲಿನ ನಿಯಂತ್ರಣ ತಪ್ಪುವುದು, ಉಳಿದ ಕೆಲಸಗಳಿಗಿಂತ ಆಟವೇ ಮುಖ್ಯವಾಗುವುದು, ಕೆಡುಕಾದರೂ ಆಡುತ್ತಲೇ ಇರುವುದು. ಇದು ಸಾಮಾನ್ಯವಾಗಿ 12 ತಿಂಗಳಷ್ಟು ಕಾಲ ಕಂಡುಬಂದಿರಬೇಕು. ಆದುದರಿಂದ ರಜೆಯಲ್ಲಿ ಎರಡು ದಿನ ಹೆಚ್ಚು ಆಡಿದ ಮಗುವನ್ನು ರೋಗಿ ಎಂದು ಕರೆಯುವುದು ನ್ಯಾಯವಲ್ಲ.

ಸರಕಾರಗಳ ಕಟ್ಟುಪಾಡು

ಹಲವು ಸರಕಾರಗಳು ಈ ವಿಷಯದಲ್ಲಿ ಕಾನೂನು ಮಾಡಿವೆ. ದಕ್ಷಿಣ ಕೊರಿಯಾ 2011ರಲ್ಲಿ 16 ವರ್ಷದೊಳಗಿನವರು ಮಧ್ಯರಾತ್ರಿಯಿಂದ ಬೆಳಿಗ್ಗೆ 6ರ ವರೆಗೆ ಅಂತರ್ಜಾಲದ ಆಟಗಳನ್ನು ಆಡಬಾರದೆಂದಿತು. ಮಕ್ಕಳು ಗಣಕಯಂತ್ರವನ್ನು ಬಿಟ್ಟು ಮೊಬೈಲಿಗೆ ಹೋದರು. ಆ ಕಾನೂನು ಮೊಬೈಲನ್ನು ಮುಟ್ಟುತ್ತಿರಲಿಲ್ಲ. ಅದನ್ನು ಕೈಬಿಡುವುದಾಗಿ ಅಲ್ಲಿನ ಸರಕಾರ 2021ರಲ್ಲಿ ಘೋಷಿಸಿತು. ಅದೇ ವರ್ಷ ಚೀನಾ ದೇಶವು 18 ವರ್ಷದೊಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ರಾತ್ರಿ 8ರಿಂದ 9ರ ವರೆಗೆ ಮಾತ್ರ ಆಡಲು ಅನುಮತಿ ನೀಡಿತು. ನಮ್ಮ ದೇಶವು 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಸಹಿತ 118 ಆ್ಯಪ್‌ಗಳನ್ನು ನಿಷೇಧಿಸಿತು. ಅದಕ್ಕೆ ಕೊಟ್ಟ ಕಾರಣ ಮಕ್ಕಳ ಹಿತವಲ್ಲ, ದೇಶದ ಸಾರ್ವಭೌಮತ್ವ ಮತ್ತು ಭದ್ರತೆ. 2025ರ ಆಗಸ್ಟಿನಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಕಾನೂನು ಹಣವನ್ನು ಪಣವಾಗಿಡುವ ಅಂತರ್ಜಾಲದ ಆಟಗಳನ್ನು ನಿಷೇಧಿಸಿ, ಪಣವಿಲ್ಲದ ಸ್ಪರ್ಧೆಯ ಆಟಗಳಿಗೆ ಪ್ರೋತ್ಸಾಹ ಕೊಡುವ ಉದ್ದೇಶದ್ದು.

ಇವುಗಳಲ್ಲಿ ಒಂದು ಕಾನೂನು ಗಡಿಯಾರವನ್ನು ನೋಡುತ್ತದೆ, ಇನ್ನೊಂದು ಹಣವನ್ನು ನೋಡುತ್ತದೆ. ಅವು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಸಂಜೆ ಅಪ್ಪನ ಕರೆ ಬಂದಾಗ ಫೋನನ್ನು ಅಮ್ಮನ ಕೈಗೆ ಕೊಡುವ ಕೆಲಸವನ್ನು ಯಾವ ಕಾನೂನೂ ಮಾಡಲಾರದು. ಅದು ನಮ್ಮದೇ ಕೆಲಸ.

ಐದು ಪ್ರಶ್ನೆಗಳು

ಇಷ್ಟೆಲ್ಲ ವಿಚಾರ ಮಾಡಿದ ಮೇಲೆ ನಮ್ಮ ಸಂಘದವರು ಯಾವ ಆಟಕ್ಕೂ ಒಡ್ಡಬಹುದಾದ ಐದು ಪ್ರಶ್ನೆಗಳನ್ನು ಬರೆದಿಟ್ಟರು.

1. ಇದು ಬೆರಳಿಗೂ ಗಾಜಿಗೂ ತಕ್ಕಂತೆ ಮಾಡಿದ ಆಟವೇ, ಅಲ್ಲ ಬೇರೆ ಯಂತ್ರದಿಂದ ತಂದು ಅಂಟಿಸಿದುದೇ?
2. ಸೋತಾಗ ನನ್ನ ತಪ್ಪು ನನಗೆ ತಿಳಿಯುತ್ತದೆಯೇ?
3. ಗೆಲುವು ಅಭ್ಯಾಸದಿಂದ ಬರುತ್ತದೆಯೇ, ಹಣದಿಂದ ಬರುತ್ತದೆಯೇ?
4. ಇದಕ್ಕೆ ಕೊನೆ ಇದೆಯೇ? ನಡುವೆ ನಿಲ್ಲಿಸಬಹುದೇ? ಇಲ್ಲವಾದರೆ ಒಂದು ಪಂದ್ಯಕ್ಕೆ ಎಷ್ಟು ಹೊತ್ತು ಬೇಕು?
5. ಅಷ್ಟು ಹೊತ್ತು ಈ ಫೋನು ಮನೆಯಲ್ಲಿ ಬೇರೆ ಯಾರಿಗೂ ಬೇಡವೇ?

ಮೊದಲ ಎರಡು ಪ್ರಶ್ನೆಗಳು ಬೆರಳಿನ ಹಿಡಿತಕ್ಕೆ ಸಂಬಂಧಿಸಿದುವು. ಚರ್ಚಾಕೂಟದ ಎರಡು ಪಕ್ಷದವರೂ ಅಲ್ಲಿಯೇ ನಿಂತಿದ್ದರು. ಕೊನೆಯ ಎರಡು ಮನಸ್ಸಿನ ಹಿಡಿತಕ್ಕೆ ಸಂಬಂಧಿಸಿದುವು. ಎರಡೂ ಹಿಡಿತಗಳು ಆಡುವವನ ಕೈಯಲ್ಲಿಯೇ ಉಳಿಯುವ ಆಟವೇ ಉತ್ತಮ ಆಟ ಎಂಬುದು ನಮ್ಮ ತೀರ್ಮಾನ.

ಆ ವಿದ್ಯಾರ್ಥಿನಿ ಈ ಪಟ್ಟಿಯನ್ನು ನಕಲು ಮಾಡಿಕೊಂಡು ಮನೆಗೆ ಒಯ್ದಿದ್ದಳು. ಕೆಲವು ದಿನಗಳ ಬಳಿಕ ವಿಚಾರಿಸಿದಾಗ, ತಮ್ಮ ಆಟವನ್ನು ಬಿಟ್ಟಿಲ್ಲವೆಂದೂ, ಆದರೆ ಅಪ್ಪ ಫೋನು ಮಾಡುವ ಎಂಟೂವರೆ ಗಂಟೆಗೆ ಅರ್ಧ ಗಂಟೆ ಮುಂಚೆ ಹೊಸ ಪಂದ್ಯಕ್ಕೆ ಇಳಿಯುವುದಿಲ್ಲವೆಂದೂ ಹೇಳಿದಳು. ಒಂದು ದಿನ ಮರೆತು ಇಳಿದನಂತೆ. ಕರೆ ಬಂದಾಗ ಒಂದು ಕ್ಷಣ ನೋಡಿ, ಆಟವನ್ನು ಸೋಲಲು ಬಿಟ್ಟು ಫೋನನ್ನು ಅಮ್ಮನಿಗೆ ಕೊಟ್ಟನಂತೆ. ಆ ಸೋಲಿನ ಬೆಲೆ ಆಟ ಮಾಡಿದವರಿಗೆ ತಿಳಿಯದು, ಆದರೆ ಆ ಮನೆಯವರಿಗೆ ತಿಳಿದಿದೆ.

ವಿದ್ಯಾರ್ಥಿ ಮಿತ್ರರೇ, ಆಟ ಬೇಡ ಎಂದು ಹೇಳುವ ಉದ್ದೇಶ ನಮ್ಮದಲ್ಲ. ಅಂಗಳ ಡೊಂಕಾಗಿದ್ದರೆ ಡೊಂಕು ಎಂದು ಧೈರ್ಯವಾಗಿ ಹೇಳಿರಿ, ಅದನ್ನು ಅಳೆದು ತೋರಿಸಿರಿ. ಕುಣಿತ ತಪ್ಪಿದ್ದರೆ ಅದನ್ನೂ ಒಪ್ಪಿಕೊಳ್ಳಿರಿ. ಆಡುವ ಮುನ್ನ ಈ ಐದು ಪ್ರಶ್ನೆಗಳನ್ನು ಒಮ್ಮೆ ನಿಮಗೆ ನೀವೇ ಕೇಳಿಕೊಳ್ಳಿರಿ ಎಂಬುದಷ್ಟೇ ನಮ್ಮ ವಿನಂತಿ.